ತಮ್ಮನಿಗೆ ಸ್ವೆಟರ್, ಚಿಕ್ಕಮ್ಮನಿಗೆ ಲೇಸ್ ಶಾಲು: ಎರಡನ್ನೂ ಹೆಣೆದು ನೋಡಿದೆ

ಹಬ್ಬಕ್ಕೆ ಕೈಯಾರೆ ಏನಾದರೂ ಹೆಣೆದು ಕೊಡಬೇಕು ಅನ್ನುವ ಹುಚ್ಚು ನನಗೆ ಮೂರು ತಿಂಗಳು ಮುಂಚೆಯೇ ಹಿಡಿಯುತ್ತದೆ. ಒಂದು ಸಲ ಎರಡನ್ನು ಒಟ್ಟಿಗೆ ಕೈಗೆತ್ತಿಕೊಂಡೆ. ತಮ್ಮನಿಗೆ ಉಣ್ಣೆಯ ಸ್ವೆಟರ್, ಚಿಕ್ಕಮ್ಮನಿಗೆ ಲೇಸ್ ಶಾಲು. ಸ್ವೆಟರ್ ಸುಲಭ, ಶಾಲು ಕಷ್ಟ ಅಂದುಕೊಂಡೇ ಶುರು ಮಾಡಿದ್ದು. ಹೆಣೆಯುವ ಮಟ್ಟಿಗೆ ಅದು ನಿಜವೇ. ಕೊಡುವ ಹೊತ್ತಿಗೆ ಲೆಕ್ಕ ಉಲ್ಟಾ ಆಯಿತು.

ಮೊದಲು ನೂಲಿನ ಮಾತು. ಸ್ವೆಟರಿಗೆ 500 ಗ್ರಾಂ ಉಣ್ಣೆ ತಂದೆ, ಅಂದರೆ ಸುಮಾರು 1,100 ಮೀಟರ್. ಶಾಲಿಗೆ ತಂದದ್ದು ಬರೀ 100 ಗ್ರಾಂ. ಆದರೆ ಅದು ಹೊಲಿಗೆ ದಾರಕ್ಕಿಂತ ಚೂರು ದಪ್ಪ ಅಷ್ಟೇ, ಹಾಗಾಗಿ 100 ಗ್ರಾಮಿನಲ್ಲೇ 800 ಮೀಟರ್ ಇತ್ತು. ಒಂದೇ ಲಡಿ, ಚೀಲದ ಮೂಲೆಯಲ್ಲಿ ಕೂರುತ್ತದೆ. ಸ್ವೆಟರಿನದು ಹತ್ತು ಉಂಡೆ. ಹತ್ತನ್ನೂ ಒಂದೇ ಸಲ, ಒಂದೇ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಗುರುತು) ನೋಡಿ ತರಬೇಕು. ಬೇರೆ ಲಾಟಿನ ನೀಲಿ ಅಂಗಡಿಯ ದೀಪದಲ್ಲಿ ಒಂದೇ ತರ ಕಾಣುತ್ತದೆ, ಬಿಸಿಲಿಗೆ ಹಿಡಿದರೆ ತೋಳು ಬೇರೆ, ಎದೆ ಬೇರೆ.

ಸ್ವೆಟರಿನ ದೊಡ್ಡ ಸುಖ ಅಂದರೆ ಅದಕ್ಕೆ ನಮ್ಮ ಪೂರ್ತಿ ಗಮನ ಬೇಕಿಲ್ಲ. ಸುತ್ತು ಸುತ್ತಾಗಿ ಸೀದಾ ಹೆಣಿಗೆ. ಟೀವಿ ನೋಡುತ್ತಾ, ಫೋನಿನಲ್ಲಿ ಮಾತಾಡುತ್ತಾ, ಬಸ್ಸಿನಲ್ಲಿ ಕೂತು, ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಒಂದು ತಿಂಗಳಲ್ಲಿ ಮೈಭಾಗ ಮುಗಿಯಿತು. ನನಗೋ ಜಂಬ. ಆಮೇಲೆ ಒಂದು ತೋಳು ಮುಗಿಸಿದೆ. ಅದೇ ತೋಳನ್ನು ಮತ್ತೆ ಹೆಣೆಯಬೇಕಲ್ಲ ಅನ್ನುವ ಬೇಜಾರಿಗೆ ಎರಡು ವಾರ ಸುಮ್ನೆ ಇಟ್ಟುಬಿಟ್ಟೆ. ಹೆಣಿಗೆಯವರಲ್ಲಿ ಇದು ಎಲ್ಲರಿಗೂ ಬರುವ ಕಾಯಿಲೆ.

ಶಾಲು ಹಾಗೆ ಬಿಡುವುದಿಲ್ಲ. ಲೇಸ್ ಅಂದರೆ ಬೇಕೆಂದೇ ಬಿಟ್ಟ ತೂತುಗಳು. ಕಡ್ಡಿಗೆ ದಾರ ಒಂದು ಸುತ್ತು ಹಾಕಿದರೆ ತೂತು, ಜೊತೆಗೆ ಒಂದು ಸ್ಟಿಚ್ ಜಾಸ್ತಿ. ಹೆಚ್ಚಾದದ್ದನ್ನು ಸರಿದೂಗಿಸಲು ಪಕ್ಕದಲ್ಲೇ ಎರಡು ಸ್ಟಿಚ್ ಸೇರಿಸಿ ಒಂದು ಮಾಡಬೇಕು. ಸುತ್ತು ಒಂದು ಮರೆತರೆ ಆ ಸಾಲಿನಲ್ಲಿ ಏನೂ ತಿಳಿಯುವುದಿಲ್ಲ. ಎರಡು ಸಾಲು ಮೇಲೆ ಹೋದಾಗ ಶಾಲಿನ ಚಿತ್ತಾರದ ಎಲೆಯ ತುದಿ ಪಕ್ಕದ ಎಲೆಗೆ ಡಿಕ್ಕಿ ಹೊಡೆದಿರುತ್ತದೆ. ಮಾತಾಡುತ್ತಾ ಹೆಣೆಯುವ ಮಾತೇ ಇಲ್ಲ. ಮನೆಯಲ್ಲಿ ಯಾರಾದರೂ ಕರೆದರೆ "ಹದಿನೇಳು, ಹದಿನೆಂಟು" ಅಂತ ಜೋರಾಗಿ ಎಣಿಸುವುದೇ ನನ್ನ ಉತ್ತರ.

ಅದಕ್ಕೊಂದು ಉಪಾಯ ಇದೆ. ಪ್ರತಿ ಹತ್ತು ಸಾಲಿಗೊಮ್ಮೆ ಕಡ್ಡಿಯ ಮೇಲಿರುವ ಎಲ್ಲ ಸ್ಟಿಚ್‌ಗಳ ಒಳಗೆ ಸೂಜಿಯಿಂದ ಬೇರೆ ಬಣ್ಣದ ನುಣುಪು ದಾರ ತೂರಿಸಿಡುವುದು. ತಪ್ಪಾದರೆ ಕಡ್ಡಿ ಎಳೆದು ಬಿಚ್ಚಿಕೊಂಡು ಬಂದರೆ ಆ ದಾರದ ಹತ್ತಿರ ನಿಲ್ಲುತ್ತದೆ. ನಾನು ಸೋಮಾರಿತನಕ್ಕೆ ಒಂದು ಸಲ ಬಿಟ್ಟೆ. ಒಂದು ಸ್ಟಿಚ್ ಜಾರಿತು. ಮಾಮೂಲಿ ಹೆಣಿಗೆಯಲ್ಲಾದರೆ ಅದು ಏಣಿಯ ತರ ನೇರವಾಗಿ ಇಳಿಯುತ್ತದೆ, ಕ್ರೋಶಾ ಕಡ್ಡಿಯಿಂದ ಎತ್ತಿಕೊಳ್ಳಬಹುದು. ಲೇಸಿನಲ್ಲಿ ತೂತಿನ ದಾರವೂ ಸಡಿಲವಾಗಿ, ಯಾವ ಕುಣಿಕೆ ಯಾವ ಸಾಲಿನದು ಅಂತ ಬ್ರಹ್ಮನಿಗೂ ತಿಳಿಯಲ್ಲ. ಇಪ್ಪತ್ತಾರು ಸಾಲು ಹೋಯಿತು.

ಇನ್ನೊಂದು ಮೋಸ ಇದೆ. ಮೇಲಂಚಿನ ನಡುವಿನಿಂದ ಶುರುವಾಗುವ ತ್ರಿಕೋನ ಶಾಲಿಗೆ ಎರಡು ಸಾಲಿಗೊಮ್ಮೆ ನಾಲ್ಕು ಸ್ಟಿಚ್ ಕೂಡುತ್ತಾ ಹೋಗುತ್ತದೆ. ನನ್ನದು ಏಳು ಸ್ಟಿಚ್‌ನಿಂದ ಹೊರಟು, 200ನೇ ಸಾಲಿಗೆ 400 ದಾಟಿತ್ತು. ನೂರು ಸಾಲು ಆದಾಗ ಅರ್ಧ ಮುಗೀತು ಅಂತ ಖುಷಿಪಟ್ಟೆ. ಅಲ್ಲಿಗೆ ಆಗಿದ್ದದ್ದು ಕಾಲು ಭಾಗ! ನಿಜವಾದ ಅರ್ಧ ಬರುವುದು 140ನೇ ಸಾಲಿನ ಹತ್ತಿರ. ಅಡುಗೆಮನೆಯ ತಕ್ಕಡಿಯಲ್ಲಿ ಲಡಿ ತೂಗಿ ನೋಡಿದಾಗಲೇ ನನಗೆ ಇದು ಹೊಳೆದದ್ದು. ಹಬ್ಬದ ದಿನಾಂಕ ಇಟ್ಟುಕೊಂಡು ಶಾಲು ಹೆಣೆಯುವವರು ಸಾಲು ಎಣಿಸಬೇಡಿ, ನೂಲು ತೂಗಿ.

ಅಂತೂ ಮುಗಿಯಿತು. ಕಡ್ಡಿಯಿಂದ ಇಳಿಸಿದಾಗ ಕೈಯಲ್ಲಿದ್ದದ್ದು ಸುಕ್ಕು ಹಿಡಿದ ಮಸಿಬಟ್ಟೆ. ಅತ್ತುಬಿಡೋಣ ಅನಿಸಿತು. ಲೇಸಿನ ನಿಜವಾದ ಮುಖ ಕಾಣುವುದು ಬ್ಲಾಕಿಂಗ್ ಆದಮೇಲೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಹಾಸಿಗೆಯ ಮೇಲೆ ಎಳೆದು ಹರಡಿ ಅಂಚಿನ ಒಂದೊಂದು ಮೊನೆಗೂ ಪಿನ್ನು ಚುಚ್ಚಿದೆ. ಒದ್ದೆ ಉಣ್ಣೆ ಹಿಗ್ಗುತ್ತದೆ, ಹಿಗ್ಗಿದ ಹಾಗೇ ಒಣಗಿದರೆ ಆ ಆಕಾರ ನಿಲ್ಲುತ್ತದೆ. ಅಕ್ರಿಲಿಕ್ ನೂಲಾದರೆ ಹೀಗೆ ನಿಲ್ಲಲ್ಲ, ಒಣಗಿ ಪಿನ್ನು ತೆಗೆದರೆ ಹಳೇ ಸುಕ್ಕಿಗೇ ವಾಪಸ್. ಬೆಳಿಗ್ಗೆ ಪಿನ್ನು ಕಿತ್ತು ಎತ್ತಿ ಹಿಡಿದೆ. ಎಲೆಗಳೆಲ್ಲ ಬಿಡಿಬಿಡಿಯಾಗಿ ಕಣ್ಣು ತೆರೆದಿದ್ದವು. ಕಿಟಕಿಯ ಬೆಳಕು ಅದರೊಳಗಿಂದ ಗೋಡೆಗೆ ಬಿದ್ದು, ಗೋಡೆಯ ಮೇಲೂ ಒಂದು ಶಾಲು.

ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಅನ್ಸ್ಟ್ ಅನ್ನುವ ಪುಟ್ಟ ದ್ವೀಪ ಇದೆ. ಅಲ್ಲಿನ ಹೆಂಗಸರು ಹೆಣೆದ ಲೇಸ್ ಶಾಲು ಮದುವೆ ಉಂಗುರದೊಳಗೆ ತೂರುತ್ತದೆ ಅಂತ ಹೆಸರುವಾಸಿ. ರಷ್ಯಾದ ಒರೆನ್‌ಬರ್ಗ್‌ನ ಮೇಕೆ ತುಪ್ಪಳದ ಶಾಲಿಗೂ ಅದೇ ಖ್ಯಾತಿ. ನಾನೂ ಉಂಗುರ ಬಿಚ್ಚಿ ನೋಡಿದೆ. ಅರ್ಧಕ್ಕೆ ಸಿಕ್ಕಿಕೊಂಡಿತು. ಇರಲಿ ಬಿಡಿ.

ಈಗ ಸ್ವೆಟರ್ ಕಥೆ. ತಮ್ಮನ ಎದೆ 92 ಸೆಂ.ಮೀ. ಒಳಗೊಂದು ಅಂಗಿ ಇರಲಿ, ಕೈ ಆಡಲಿ ಅಂತ ಎಂಟು ಸೇರಿಸಿ 100 ಅಂತ ಲೆಕ್ಕ ಹಾಕಿದೆ. ಮಾದರಿ ತುಂಡು ಹೆಣೆದು ಅಳೆದಾಗ 10 ಸೆಂ.ಮೀ.ಗೆ 22 ಸ್ಟಿಚ್ ಬಂತು. ಹಾಗಾಗಿ 220 ಸ್ಟಿಚ್ ಹಾಕಿದೆ. ಎಲ್ಲ ಸರಿ ಇತ್ತಲ್ವಾ? ಇರಲಿಲ್ಲ. ಮಾದರಿ ತುಂಡನ್ನು ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಅಂತ ತಿರುಗಿಸಿ ತಿರುಗಿಸಿ ಹೆಣೆದಿದ್ದೆ. ನನ್ನ ಉಲ್ಟಾ ಸಾಲು ಯಾವಾಗಲೂ ಸಡಿಲ. ಸ್ವೆಟರ್ ಹೆಣೆದದ್ದು ಸುತ್ತು ಸುತ್ತಾಗಿ, ಬರೀ ಸೀದಾ. ಅದು ಬಿಗಿಯಾಗಿ 10 ಸೆಂ.ಮೀ.ಗೆ 24 ಕೂತಿತು. 220ನ್ನು 24ರಿಂದ ಭಾಗಿಸಿ ನೋಡಿ, 92 ಸೆಂ.ಮೀ. ಕೂಡ ಪೂರ್ತಿ ಬರಲ್ಲ. ಬರೀ ಎರಡು ಸ್ಟಿಚ್ಚಿನ ವ್ಯತ್ಯಾಸ, ಎಂಟು ಸೆಂ.ಮೀ. ಮಂಗಮಾಯ.

ತಮ್ಮ ಪಾಪ ಹಾಕಿಕೊಂಡ. ತಲೆ ಹೊರಬರಲು ಒಂದು ನಿಮಿಷ ಹಿಡಿಯಿತು. ಕೈ ಎತ್ತಿದರೆ ಹೊಟ್ಟೆ ಕಾಣುತ್ತಿತ್ತು. "ಚೆನ್ನಾಗಿದೆ ಅಕ್ಕ, ಬೆಚ್ಚಗಿದೆ" ಅಂದ, ಉಸಿರು ಬಿಗಿ ಹಿಡಿದುಕೊಂಡೇ. ಅದೇ ಹೊತ್ತಿಗೆ ಚಿಕ್ಕಮ್ಮ ಶಾಲು ಹೊದ್ದು ಕನ್ನಡಿಯ ಮುಂದೆ ಮೂರು ಸಲ ತಿರುಗಿದ್ದರು. ಅವರ ಅಳತೆ ನಾನು ಕೇಳಿಯೇ ಇರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಹಾಗಾದರೆ ಶಾಲೇ ಗೆದ್ದಿತಾ? ಕೊಟ್ಟ ದಿನದ ಮಟ್ಟಿಗೆ ಹೌದು. ಆಮೇಲಿನದು ಬೇರೆ. ಮರುವರ್ಷ ತಮ್ಮನಿಗೆ ಕುತ್ತಿಗೆಯಿಂದ ಕೆಳಗೆ ಇಳಿಯುವ ಸ್ವೆಟರ್ ಶುರು ಮಾಡಿದೆ. ಕಂಕುಳ ತನಕ ಬಂದಾಗ ಸ್ಟಿಚ್‌ಗಳನ್ನು ದಾರಕ್ಕೆ ಏರಿಸಿ ಅವನ ಮೈಮೇಲೇ ಹಾಕಿ ನೋಡಿದೆ. ಉಡುಗೊರೆಯ ಗುಟ್ಟು ಅಲ್ಲಿಗೆ ರಟ್ಟಾಯಿತು, ಆದರೆ ಸ್ವೆಟರ್ ಕೂತಿತು. ಅದನ್ನು ಅವನು ಎಷ್ಟು ಹಾಕಿದ್ದಾನೆ ಅಂದರೆ ಮೊಣಕೈ ಹತ್ತಿರ ಎರಡು ಸಲ ತೇಪೆ ಹೆಣೆದು ಕೊಟ್ಟಿದ್ದೇನೆ. ಚಿಕ್ಕಮ್ಮನ ಶಾಲು ಮಾತ್ರ ಬೀರುವಿನಲ್ಲಿ ಮಲ್ಲು ಬಟ್ಟೆಯೊಳಗೆ ಮಲಗಿದೆ. ಎಲ್ಲಾದರೂ ಸಿಕ್ಕಿಕೊಂಡು ಹರಿದರೆ ಅಂತ ಅವರಿಗೆ ಭಯ.

ತೊಳೆಯುವ ವಿಷಯದಲ್ಲೂ ಯೋಚಿಸಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಉಜ್ಜಾಟ ಎರಡೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ಕಂಬಳಿಯಾಗುತ್ತದೆ. ಮಷಿನ್ನಿಗೆ ಎಸೆಯುವ ಜನಕ್ಕೆ ಸೂಪರ್‌ವಾಶ್ (ಮಷಿನ್ನಿನಲ್ಲೂ ಕುಗ್ಗದ ಹಾಗೆ ಹದ ಮಾಡಿದ) ಉಣ್ಣೆಯ ಸ್ವೆಟರೇ ಸರಿ. ಶಾಲನ್ನು ಯಾರೂ ಮಷಿನ್ನಿಗೆ ಹಾಕಲ್ಲ ಅಂತ ನಂಬಿದ್ದೇನೆ, ನಂಬಿಕೆ ಅಷ್ಟೇ.

ಈಗ ನಾನು ಮಾಡುವುದು ಇಷ್ಟು. ಪಕ್ಕದಲ್ಲಿ ನಿಲ್ಲಿಸಿ ಅಳೆಯಲು ಸಿಗುವವರಿಗೆ, ಸಿಕ್ಕಿದ್ದನ್ನು ಸವೆಯುವ ತನಕ ಹಾಕುವವರಿಗೆ ಸ್ವೆಟರ್. ಮಕ್ಕಳಿಗಂತೂ ಸ್ವೆಟರೇ, ಒಂದು ಸೈಜು ದೊಡ್ಡದಾಗಿ. ಬೆಳೆಯುತ್ತವೆ, ಬೇಗ ಮುಗಿಯುತ್ತದೆ ಕೂಡ. ದೂರದವರಿಗೆ, ಅಳತೆ ಕೇಳಲು ಮುಜುಗರವಾಗುವವರಿಗೆ ಶಾಲು. ಹಬ್ಬಕ್ಕೆ ಒಂದು ತಿಂಗಳಿಗಿಂತ ಕಡಿಮೆ ಇದ್ದರೆ ಎರಡೂ ಬೇಡ, ಟೋಪಿ ಹೆಣೆಯಿರಿ.

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ಕೊನೆಗೂ ಧೈರ್ಯ ಮಾಡಿ ಯಾರದೋ ಮನೆಗೆ ಹೊದ್ದುಕೊಂಡು ಹೋಗಿದ್ದರಂತೆ, ಮೇಲೇನೋ ಚೆಲ್ಲಿತಂತೆ, ತೊಳೆದರಂತೆ. "ಎಲೆಯೆಲ್ಲ ಮುದುಡಿಕೊಂಡಿದೆ ಕಣೇ, ಆ ಪಿನ್ನುಗಳು ಇನ್ನೂ ಇಟ್ಟಿದ್ದೀಯಾ?"