ಮೂರು ವರ್ಷ ಪಳಗಿಸಿದ ಬೀಡುಕಬ್ಬಿಣದ ಪ್ಯಾನ್: ಬಿಸ್ಕಿಟ್‌ಗೆ ಕಣ್ಣುಮುಚ್ಚಿ, ಮೊಟ್ಟೆಗೆ ಷರತ್ತು ಅನ್ವಯ

ಈ ಕಾಸ್ಟ್ ಐರನ್ ಪ್ಯಾನ್ ಕೊಂಡು ಮೂರು ವರ್ಷ ದಾಟಿತು. 25 ಸೆಂಟಿಮೀಟರ್ ಅಗಲ, ಎರಡು ಕಿಲೋಗಿಂತ ತುಸು ಹೆಚ್ಚು ತೂಕ, ಹಿಡಿಯೂ ಸೇರಿ ಒಂದೇ ಎರಕ. ಕೊಂಡಾಗ ನನ್ನ ತಲೆಯಲ್ಲಿದ್ದುದು ಸೋಮಾರಿಯ ಲೆಕ್ಕ: ಭಾನುವಾರದ ಬ್ರಂಚ್‌ಗೆ ಬಿಸ್ಕಿಟ್ ಮತ್ತು ಮಸಾಲೆ ಹಾಕಿದ ಸ್ಕ್ರ್ಯಾಂಬಲ್ಡ್ ಎಗ್ ಎರಡನ್ನೂ ಒಂದೇ ಪಾತ್ರೆಯಲ್ಲಿ ಮಾಡಿ ಮುಗಿಸಬೇಕು, ತೊಳೆಯುವುದು ಅರ್ಧಕ್ಕಿಳಿಯಬೇಕು. ಬಿಸ್ಕಿಟ್ ಮೊದಲ ವಾರವೇ ಒಲಿಯಿತು. ಮೊಟ್ಟೆ ಒಲಿಯಲು ಒಂದೂವರೆ ವರ್ಷ ಹಿಡಿಯಿತು.

ಬಿಸ್ಕಿಟ್ ಎಂದರೆ ಪೊಟ್ಟಣದಲ್ಲಿ ಬರುವ ಗರಿಗರಿ ಬಿಸ್ಕತ್ತಲ್ಲ. ಅಮೆರಿಕದವರು ಹಾಗೆಂದು ಕರೆಯುವ, ಒಳಗೆ ಮೆತ್ತಗೆ, ಬದಿಯಲ್ಲಿ ಪದರ ಪದರವಾಗಿ ಬಿಚ್ಚಿಕೊಳ್ಳುವ ದಪ್ಪ ತಿನಿಸು. ನನ್ನ ಅಳತೆ ಈಗ ಬಾಯಿಪಾಠ: 250 ಗ್ರಾಂ ಮೈದಾ, ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡಾ, ಉಪ್ಪು, ಫ್ರಿಜ್‌ನಿಂದ ಆಗಷ್ಟೇ ತೆಗೆದ 85 ಗ್ರಾಂ ಬೆಣ್ಣೆ, 180 ಮಿಲಿಲೀಟರ್ ಹುಳಿ ಮಜ್ಜಿಗೆ. ಗಟ್ಟಿ ಬೆಣ್ಣೆಯನ್ನು ತುರಿಮಣೆಯಲ್ಲಿ ತುರಿದು ಹಿಟ್ಟಿಗೆ ಉದುರಿಸುತ್ತೇನೆ. ಬೆರಳಿನಿಂದ ಉಜ್ಜುತ್ತಾ ಕೂತರೆ ಮೈಯ ಬಿಸಿಗೇ ಬೆಣ್ಣೆ ಕರಗಿ, ಹಿಟ್ಟು ಅದನ್ನು ಕುಡಿದುಬಿಡುತ್ತದೆ. ಆಮೇಲೆ ಪದರದ ಆಸೆ ಬಿಡಬೇಕು. ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಭಾಗ ನೀರೇ. ಚೂರು ಚೂರಾಗಿ ಉಳಿದ ಬೆಣ್ಣೆ ಓವನ್ನಿನಲ್ಲಿ ಕರಗಿ, ಅದರ ನೀರು ಆವಿಯಾಗಿ ಹಿಟ್ಟನ್ನು ಎತ್ತಿದಾಗಲೇ ಪದರ ಏಳುವುದು. ಮಜ್ಜಿಗೆ ಹಾಕಿದ ಮೇಲೆ ನಾದುವುದೇ ಇಲ್ಲ. ಒತ್ತಿ, ಮಡಚಿ, ಮತ್ತೆ ಒತ್ತಿ, ಮೂರು ಮಡಿಕೆಗೆ ನಿಲ್ಲಿಸುತ್ತೇನೆ. ಕತ್ತರಿಸುವ ಅಚ್ಚನ್ನು ನೇರ ಕೆಳಗೆ ಒತ್ತಬೇಕು. ತಿರುಚಿದರೆ ಅಂಚು ಮೆತ್ತಿಕೊಂಡು ಬಿಸ್ಕಿಟ್ ಒಂದು ಕಡೆಗೆ ವಾಲುತ್ತದೆ. ವಾಲಿದ್ದನ್ನು ತಿನ್ನಲು ಅಡ್ಡಿಯಿಲ್ಲ, ನೋಡಲು ಮಾತ್ರ ನಗು ಬರುತ್ತದೆ.

ಪ್ಯಾನಿನ ಪಾತ್ರ ಶುರುವಾಗುವುದು ಇಲ್ಲಿ. 220 ಡಿಗ್ರಿ ಸೆಲ್ಸಿಯಸ್‌ಗೆ ಓವನ್ ಕಾಯುವಾಗಲೇ ಖಾಲಿ ಪ್ಯಾನನ್ನು ಒಳಗಿಡುತ್ತೇನೆ. ಕಾದ ಪ್ಯಾನಿಗೆ ಒಂದು ಚಮಚ ಬೆಣ್ಣೆ ಬಿಟ್ಟು, ನಡುವೆ ಒಂದು, ಸುತ್ತ ಆರು ಬಿಸ್ಕಿಟ್‌ಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ, ಇಟ್ಟ ಕ್ಷಣವೇ ತಳ ಚುರ್ ಎನ್ನುತ್ತದೆ. ಅಕ್ಕಪಕ್ಕಕ್ಕೆ ಹರಡಲು ಜಾಗವಿಲ್ಲದ್ದರಿಂದ ಅವು ಮೇಲಕ್ಕೇ ಏಳುತ್ತವೆ. ಹದಿನೈದು ನಿಮಿಷದಲ್ಲಿ ತಳ ಕಂದು ಬಣ್ಣಕ್ಕೆ ತಿರುಗಿ ಗರಿಯಾಗಿರುತ್ತದೆ, ನಡು ಇನ್ನೂ ಹತ್ತಿ. ಹಿಂದೆ ಬಳಸುತ್ತಿದ್ದ ತೆಳು ಅಲ್ಯೂಮಿನಿಯಂ ತಟ್ಟೆಯಲ್ಲಿ ಇಂಥ ತಳ ಒಮ್ಮೆಯೂ ಬಂದದ್ದಿಲ್ಲ. ಬೀಡುಕಬ್ಬಿಣ ಕಾಯುವುದು ನಿಧಾನ, ಆದರೆ ಭಾರವಿರುವುದರಿಂದ ಕಾವನ್ನು ತುಂಬಿಟ್ಟುಕೊಳ್ಳುತ್ತದೆ. ತಣ್ಣನೆಯ ಹಿಟ್ಟು ಬಿದ್ದರೂ ಜಗ್ಗುವುದಿಲ್ಲ. ನಡುವಿನ ಬಿಸ್ಕಿಟ್ ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಮೆತ್ತಗೆ. ಅದು ಮಾಡಿದವರ ಪಾಲು.

ಇನ್ನು ಮೊಟ್ಟೆಯ ಕಥೆ. ಬಿಸ್ಕಿಟ್‌ಗೆ ವರವಾದ ಗುಣವೇ ಇಲ್ಲಿ ಶಾಪ. ಮೊಟ್ಟೆಯ ಬಿಳಿಭಾಗ 62 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಲು ತೊಡಗುತ್ತದೆ. ಉರಿ ಆರಿಸಿದೆ ಎಂದು ನಾನು ನಿರಾಳವಾದರೂ ಪ್ಯಾನ್ ಆರಿರುವುದಿಲ್ಲ. ಮೊದಲ ಕೆಲವು ತಿಂಗಳು ತಳಕ್ಕೆ ಕಚ್ಚಿದ ಪುಡಿ ಪುಡಿ ಮೊಟ್ಟೆಯನ್ನು ಕೆರೆದು ತಿಂದೆವು. ಒಮ್ಮೆ ಕಾಫಿ ಬಗ್ಗಿಸಿಕೊಂಡು ಬರುವಷ್ಟರಲ್ಲಿ ಮೊಟ್ಟೆ ಬೂದು ಹಸಿರಾಗಿತ್ತು. ಹಾಳಾಗಿರಲಿಲ್ಲ: ಬಿಳಿಭಾಗದ ಗಂಧಕ ಕಬ್ಬಿಣದೊಂದಿಗೆ ಸೇರಿದರೆ ಹಾಗಾಗುತ್ತದೆ. ಆದರೆ ಆ ಬಣ್ಣದ ತಿಂಡಿಯನ್ನು ಅತಿಥಿಗಳ ಮುಂದಿಟ್ಟು ರಸಾಯನಶಾಸ್ತ್ರ ವಿವರಿಸುವ ಧೈರ್ಯ ನನಗಿರಲಿಲ್ಲ.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಗ್ಯಾಸ್ ಮುಗಿದಿತ್ತು, ಬಿಸ್ಕಿಟ್ ತೆಗೆದ ಪ್ಯಾನ್ ಮಾತ್ರ ಇನ್ನೂ ಸುಡುತ್ತಿತ್ತು. ಬೇರೆ ಉಪಾಯ ಕಾಣದೆ ಅದಕ್ಕೇ ಒಂದಿಷ್ಟು ಬೆಣ್ಣೆ, ಜೀರಿಗೆ ಹಾಕಿದೆ. ಜೀರಿಗೆ ಚಟಪಟ ಎಂದಿತು. ಹೆಚ್ಚಿದ ಈರುಳ್ಳಿ ಮತ್ತು ಹಸಿಮೆಣಸಿನಕಾಯಿ ಬಿದ್ದ ಮೇಲೆ ಸದ್ದು ಅಡಗುತ್ತಾ ಬಂತು. ಈರುಳ್ಳಿಯ ನೀರು ಪ್ಯಾನಿನ ಸೊಕ್ಕು ಇಳಿಸುತ್ತಿತ್ತು. ನಾಲ್ಕು ನಿಮಿಷ ಬಿಟ್ಟು, ಚಿಟಿಕೆ ಅರಿಶಿನ, ಮೆಣಸಿನ ಪುಡಿ, ಉಪ್ಪು ಹಾಕಿ ಕದಡಿಟ್ಟಿದ್ದ ನಾಲ್ಕು ಮೊಟ್ಟೆ ಸುರಿದೆ. ಅಂಚಿನಿಂದ ಮೆಲ್ಲಗೆ ದೊಡ್ಡ ಮಡಿಕೆಗಳು ಎದ್ದವು. ಚಪ್ಪಟೆ ಮರದ ಸೌಟಿನಿಂದ ಅವನ್ನು ನಡುವಿಗೆ ಎಳೆಯುತ್ತಾ ಹೋದೆ. ಮೇಲೆ ಇನ್ನೂ ಒದ್ದೆ ಹೊಳಪಿರುವಾಗಲೇ ತಟ್ಟೆಗೆ ಸುರಿದೆ. ಉರಿಯೇ ಇಲ್ಲದೆ ಆದ ಆ ಮೊಟ್ಟೆಯಷ್ಟು ನಯವಾದದ್ದು ಅದುವರೆಗೆ ಈ ಪ್ಯಾನಿನಿಂದ ಬಂದಿರಲಿಲ್ಲ. ಈಗ ಗ್ಯಾಸ್ ಇದ್ದರೂ ಹೀಗೇ ಮಾಡುತ್ತೇನೆ. ಮೊಟ್ಟೆಗೆ ಹತ್ತು ಹದಿನೈದು ನಿಮಿಷ ಮೊದಲೇ ಉಪ್ಪು ಬೆರೆಸಿಟ್ಟರೆ ನೀರು ಬಿಡುವುದೂ ಕಡಿಮೆ. ಕೈಯಲ್ಲಿ ಸೋಡಾ ಅಂಟಿದ್ದರೆ ತೊಳೆದುಕೊಂಡೇ ಅರಿಶಿನ ಮುಟ್ಟಿ. ಎರಡೂ ಸೇರಿ ಬೆರಳು ಕೆಂಪಾಗಿ, ಎಲ್ಲಿ ಕುಯ್ದುಕೊಂಡೆನೋ ಎಂದು ನಾನು ಹುಡುಕಾಡಿದ್ದೇನೆ.

ಟೊಮೆಟೊ ಮಾತ್ರ ಈ ಪ್ಯಾನಿಗೆ ಹಾಕುವುದಿಲ್ಲ. ಹುಳಿ ಹೆಚ್ಚು ಹೊತ್ತು ಕುದಿದರೆ ಪಳಗಿದ ಪದರ ಸವೆದು, ಬಾಯಿಗೆ ಲೋಹದ ಒಗರು ಬರುತ್ತದೆ. ಹಸಿಯಾಗಿ ಹೆಚ್ಚಿ ಮೇಲೆ ಉದುರಿಸಿಕೊಳ್ಳುತ್ತೇನೆ, ಅಷ್ಟೇ.

ಆರೈಕೆಯ ಬಗ್ಗೆ ಜನ ಹೆದರಿಸುವಷ್ಟೇನೂ ಇಲ್ಲ. ಪಳಗಿದ ಪದರವೆಂದರೆ ಕಾದು ಗಟ್ಟಿಕಟ್ಟಿದ ಎಣ್ಣೆ. ಪಾತ್ರೆ ತೊಳೆಯುವ ಸಾಮಾನ್ಯ ಸೋಪಿಗೆ ಅದು ಹೋಗುವುದಿಲ್ಲ. ನೀರಿನಲ್ಲಿ ನೆನೆಹಾಕಿದರೆ ಮಾತ್ರ ತುಕ್ಕು ಗ್ಯಾರಂಟಿ. ನಾನು ಒಮ್ಮೆ ರಾತ್ರಿಯಿಡೀ ಸಿಂಕಿನಲ್ಲಿ ಬಿಟ್ಟು, ಬೆಳಗ್ಗೆ ಕಿತ್ತಳೆ ಬಣ್ಣದ ಪ್ಯಾನ್ ನೋಡಿದೆ. ಸ್ಟೀಲ್ ಉಜ್ಜುಗದಿಂದ ತಿಕ್ಕಿ, ತೆಳುವಾಗಿ ಎಣ್ಣೆ ಸವರಿ, ಒರೆಸಿ, ಒಂದು ಗಂಟೆ ಓವನ್ನಿನಲ್ಲಿಟ್ಟೆ. ಮೂರು ಸಲ ಹೀಗೆ ಮಾಡಿದ ಮೇಲೆ ಮರಳಿ ಕಪ್ಪಾಯಿತು. ಯಾರದೋ ಮಾತು ಕೇಳಿ ಅಗಸೆ ಎಣ್ಣೆಯಲ್ಲಿ ಪಳಗಿಸಿದ್ದು ಕೆಲವೇ ತಿಂಗಳಲ್ಲಿ ಹೊಪ್ಪಳೆಯಂತೆ ಎದ್ದುಬಂತು. ಈಗ ಸಾದಾ ಸೂರ್ಯಕಾಂತಿ ಎಣ್ಣೆ.

ದೂರುಗಳು ಎರಡು. ಮೊದಲನೆಯದು ಹಿಡಿ. ಅದು ಗಿಡ್ಡ, ಮತ್ತು ಓವನ್ನಿನಿಂದ ಬಂದಾಗ ತಳದಷ್ಟೇ ಬಿಸಿ. ಮರೆತು ಬರಿಗೈಯಲ್ಲಿ ಹಿಡಿದ ಗುರುತು ನನ್ನ ಅಂಗೈಯಲ್ಲಿ ಇನ್ನೂ ಇದೆ. ಅಂದಿನಿಂದ ಪ್ಯಾನ್ ಹೊರಬಂದ ಕೂಡಲೇ ಹಿಡಿಗೆ ಬಟ್ಟೆ ಸುತ್ತಿಡುತ್ತೇನೆ, ಅದು ಬಿಸಿಯಿದೆ ಎಂದು ಬೇರೆಯವರಿಗೂ ತಿಳಿಯುತ್ತದೆ. ಮಣಿಕಟ್ಟಿನ ನೋವಿರುವವರು ಈ ತೂಕದ ತಂಟೆಗೆ ಹೋಗದಿರುವುದೇ ಮೇಲು.

ಎರಡನೆಯದು, ಉರಿಯಿಲ್ಲದ ಉಪಾಯ ನಾಲ್ಕೈದು ಮೊಟ್ಟೆಗೆ ಸರಿ. ಎಂಟು ಸುರಿದ ದಿನ ಪ್ಯಾನ್ ನಡುವಿನಲ್ಲೇ ಸೋತು, ಮೊಟ್ಟೆ ಅರ್ಧ ಗಟ್ಟಿ, ಅರ್ಧ ನೀರಾಗಿ ನಿಂತಿತು. ಆಗ ಸಣ್ಣ ಉರಿ ಹಚ್ಚಲೇಬೇಕು, ಹಚ್ಚಿದ ಮೇಲೆ ಕಾಫಿ ತರಲು ಹೋಗಬಾರದು.