ಕೆಂಪು ಕೆಸರೋ, ಹಾರುಬೂದಿಯೋ, ಪೀಣ್ಯದ ಕಿಟ್ಟವೋ?

ಕೆಂಗೇರಿ ಹತ್ತಿರ ಬಂದರೆ ಬಸ್ಸಿನ ಕಿಟಕಿ ಮುಚ್ಚಿಸುವ ವೃಷಭಾವತಿಯೇ ಈ ಪ್ರಯೋಗಕ್ಕೆ ಕಾರಣ: ಕೆಂಪು ಕೆಸರು, ಹಾರುಬೂದಿ, ಕಿಟ್ಟ ಎಂಬ ಮೂರು ಕಾರ್ಖಾನೆ ಕಸಗಳಲ್ಲಿ ಕೊಳೆ ನೀರು ತೊಳೆಯಲು ಯಾವುದು ವಾಸಿ ಎಂದು ನೋಡುವುದು. ಆದರೆ ನದಿ ನೀರು ದಿನಕ್ಕೊಂದು ಥರ, ಹೋಲಿಕೆಗೆ ಒಗ್ಗುವುದಿಲ್ಲ. ಅದಕ್ಕೇ ಕಾಲೇಜಿನ ಲ್ಯಾಬಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕಲಸಿ, ಆ ನೀರನ್ನೇ ಮೂರಕ್ಕೂ ಕೊಟ್ಟೆ. ವಿಧಾನ ಹಳೆಯದು, 1894ರಲ್ಲಿ ಫೆಂಟನ್ ಎಂಬ ರಸಾಯನ ವಿಜ್ಞಾನಿ ಬರೆದಿಟ್ಟಿದ್ದು. ಅದರ ಈಗಿನ ವಿವರಣೆ ಹೀಗೆ: ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ ಚುರುಕು ತುಣುಕನ್ನು ಹುಟ್ಟಿಸುತ್ತದೆ, ಅದು ಬಣ್ಣದ ಅಣುವನ್ನು ಹರಿದುಹಾಕುತ್ತದೆ. ಪಿಎಚ್ 3ರ ಆಸುಪಾಸು, ಅಂದರೆ ನೀರು ಚೆನ್ನಾಗಿ ಹುಳಿಯಾಗಿ ಇರಬೇಕು, ಅದಕ್ಕೆ ಆಮ್ಲ ಹಾಕಬೇಕು. ಪೆರಾಕ್ಸೈಡ್ ಮೆಡಿಕಲ್ ಶಾಪಿನ 6 ಪರ್ಸೆಂಟಿನದು.

ರಾಯಚೂರಿನ ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟಾಗ ಹೊಗೆಯೊಂದಿಗೆ ಹಾರುವ ಬೂದಿ, ಮೊದಲ ದಿನ ನನ್ನನ್ನು ಚೆನ್ನಾಗಿಯೇ ಏಮಾರಿಸಿತು. ಸರಸರನೆ ತಿಳಿಯಾದ ನೀರು ನೋಡಿ ಗೆಳೆಯರಿಗೆಲ್ಲ ಫೋಟೊ ಕಳಿಸಿದ್ದೆ. ಮಾರನೇ ದಿನ ನೋಡಿದರೆ ಪೆರಾಕ್ಸೈಡ್ ಹಾಕದ ಬೀಕರಿನಲ್ಲೂ ನೀಲಿ ಮಾಯ! ಬೂದಿಯ ಸಿಲಿಕಾ, ಅದರಲ್ಲುಳಿದ ಸುಡದ ಇಂಗಾಲ, ಎರಡೂ ಬಣ್ಣ ಹೀರಿಕೊಂಡಿದ್ದವು. ಸೋಸಿದ ಬೂದಿಯನ್ನು ಎಥನಾಲಿನಲ್ಲಿ ಕುಲುಕಿದೆ, ನೀಲಿ ವಾಪಸ್ ಬಂತು. ಬಣ್ಣವು ನೀರಿನಿಂದ ಬೂದಿಗೆ ಮನೆ ಬದಲಿಸಿತ್ತು, ಅಷ್ಟೇ. ಬೂದಿಯನ್ನು ಕ್ಯಾಟಲಿಸ್ಟ್, ಅಂದರೆ ತಾನು ಸವೆಯದೆ ಕ್ರಿಯೆಗೆ ವೇಗ ಕೊಡುವ ವಸ್ತು, ಅನ್ನಲು ನನಗೆ ಮನಸ್ಸಿಲ್ಲ.

ಕೆಂಪು ಕೆಸರು, ಅಂದರೆ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ರೆಡ್ ಮಡ್, ಬೆಳಗಾವಿ ಕಡೆಯಿಂದ ಬಂತು. ವೇಗದಲ್ಲಿ ಇದೇ ಗೆದ್ದಿದ್ದು. ಪೆರಾಕ್ಸೈಡ್ ಇಲ್ಲದ ಬೀಕರ್ ನೀಲಿಯಾಗಿಯೇ ಉಳಿಯಿತು. ಆದರೆ ಕಾಸ್ಟಿಕ್ ಸೋಡಾ ತುಂಬಿದ ಮಾಲು, ಆಮ್ಲ ಕುಡಿದಷ್ಟೂ ಕುಡಿಯುತ್ತದೆ. ಕಣ ಎಷ್ಟು ನುಣುಪೆಂದರೆ ಫಿಲ್ಟರ್ ಪೇಪರ್ ಕಟ್ಟಿಕೊಂಡು ಸಂಜೆವರೆಗೂ ತೊಟ್ಟಿಕ್ಕುತ್ತಿತ್ತು. ಮೂರನೇ ಸಲಕ್ಕೆ ಅರ್ಧ ಪುಡಿ ಸಿಂಕಿನ ಪಾಲು.

ಕೊನೆಗೆ ಪೀಣ್ಯದ ಫೋರ್ಜಿಂಗ್ ಶೆಡ್ಡಿನ ಕಿಟ್ಟ. ಕಾದ ಕಬ್ಬಿಣದ ಮೇಲಿಂದ ಉದುರುವ ಈ ಕಪ್ಪು ಪದರವನ್ನು ಸೋಪಿನ ನೀರಲ್ಲಿ ತೊಳೆದು ಎಣ್ಣೆ ತೆಗೆದೆ, ಕುಟ್ಟಿ ಪುಡಿ ಮಾಡಿದೆ. ನಿಧಾನ, ಕೆಂಪು ಕೆಸರಿನ ಎರಡು ಪಟ್ಟು ಹೊತ್ತು. ಆದರೆ ಇದರಲ್ಲಿ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್, ಮ್ಯಾಗ್ನೆಟೈಟ್ ಇದೆಯಲ್ಲ! ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ಬೀಕರಿಗೆ ಒತ್ತಿದರೆ ಪುಡಿಯೆಲ್ಲ ಗೋಡೆಗೆ ಬಂದು ಅಂಟುತ್ತದೆ. ನೀರು ಬಗ್ಗಿಸಿ, ಹೊಸ ನೀರು ಸುರಿದರಾಯಿತು. ಐದು ಸುತ್ತು ಅದೇ ಪುಡಿ ದುಡಿಯಿತು.

ತಕರಾರು ಇಲ್ಲವೆಂದಲ್ಲ. ಬಗ್ಗಿಸಿದ ನೀರಿಗೆ ಕಬ್ಬಿಣವನ್ನು ಪತ್ತೆಹಚ್ಚುವ ಥಯೊಸಯನೇಟ್ ಬಿಟ್ಟರೆ ರಕ್ತಗೆಂಪು: ಆಮ್ಲಕ್ಕೆ ಕಬ್ಬಿಣ ಕರಗಿ ಬರುತ್ತಿದೆ, ಕೆಲಸದಲ್ಲಿ ಅದರ ಪಾಲೂ ಇದೆ. ಸುಣ್ಣ ಹಾಕಿ ಆ ಕಬ್ಬಿಣವನ್ನು ಇಳಿಸಿದರೆ ತಳದಲ್ಲಿ ತುಕ್ಕಿನ ಕೆಸರು. ಬಣ್ಣ ಹೋದ ನೀರಿನ ಸಿಒಡಿ (ಉಳಿದ ಕೊಳೆಯನ್ನು ಅದಕ್ಕೆ ಬೇಕಾಗುವ ಆಮ್ಲಜನಕದ ಲೆಕ್ಕದಲ್ಲಿ ಹೇಳುವ ಅಳತೆ) ಇನ್ನೂ ಅಳೆದಿಲ್ಲ. ಉಳಿದ ಪೆರಾಕ್ಸೈಡ್ ಆ ಲೆಕ್ಕವನ್ನು ಏರಿಸಿಬಿಡುತ್ತದೆ, ಮೊದಲು ಅದನ್ನು ತೆಗೆಯಬೇಕು. ಆದರೂ ಮುಂದಿನ ವಾರಕ್ಕೆ ಹೇಳಿಟ್ಟಿರುವುದು ಕಿಟ್ಟವನ್ನೇ. ಶೆಡ್ಡಿನವರಿಗೆ ಖುಷಿಯೋ ಖುಷಿ: "ಎರಡು ಮೂಟೆ ತಗೊಂಡು ಹೋಗಿ ಸಾರ್, ಜಾಗ ಖಾಲಿ ಆಗ್ಲಿ."