ಮಡಿಕೇರಿಯಲ್ಲಿದ್ದು ಟ್ರಯಾಥ್ಲಾನ್‌ಗೆ ಯಾವ ಸೈಕಲ್?

ಮೊದಲ ಹಾಫ್ ಐರನ್‌ಮ್ಯಾನ್‌ಗೆ ರೋಡ್ ಬೈಕಾ, ಟ್ರಯಾಥ್ಲಾನ್ ಬೈಕಾ ಅಂತ ಕೇಳಿದ್ದೀರಿ. ಈ ಟ್ರಯಾಥ್ಲಾನ್ ಅಂದರೆ ಒಂದರ ಹಿಂದೊಂದು 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಜಾಸ್ತಿ ಹೊತ್ತು ಹೋಗುವುದು ಸೈಕಲ್ ಮೇಲೇ, ಹಾಗಾಗಿ ಯೋಚಿಸಲೇಬೇಕು.

ನಾನು ಮೊದಲು ನೋಡುವುದು ರಸ್ತೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಕೈ ಸದಾ ಬ್ರೇಕ್ ಮೇಲಿರಬೇಕು. ಟ್ರಯಾಥ್ಲಾನ್ ಬೈಕಿನಲ್ಲಿ ಮುಂದಕ್ಕೆ ಬಾಗಿ ಏರೋಬಾರ್ (ಮುಂಗೈ ಊರಿ ಹಿಡಿಯಲು ಮುಂದಕ್ಕೆ ಚಾಚಿದ ಹಿಡಿ) ಹಿಡಿದರೆ ಬ್ರೇಕ್ ಕೈಗೆ ಸಿಗುವುದಿಲ್ಲ. ಮಳೆಗಾಲದ ಒದ್ದೆ ರಸ್ತೆಯಲ್ಲಿ ಇದು ನಿಜಕ್ಕೂ ಅಪಾಯ. ಇನ್ನು ಏರಿನಲ್ಲಿ ವೇಗವೇ ಕಡಿಮೆ, ಗಾಳಿ ಸೀಳುವ ಲಾಭ ಅಷ್ಟಾಗಿ ಸಿಗುವುದಿಲ್ಲ. ಇಲ್ಲಿ ರೋಡ್ ಬೈಕೇ ಸರಿ.

ಆದರೆ ಸಮತಟ್ಟಾದ ರೇಸಿನಲ್ಲಿ ಕತೆ ಬೇರೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ತುಳಿಯುವಾಗ ಟ್ರಯಾಥ್ಲಾನ್ ಬೈಕ್ ಸಮಯ ಉಳಿಸುತ್ತದೆ. ಸೈಕಲ್ಲನ್ನು ನಿಮ್ಮ ಮೈ ಅಳತೆಗೆ ಸರಿಯಾಗಿ ಹೊಂದಿಸಿಕೊಳ್ಳದಿದ್ದರೆ ಮಾತ್ರ ಸೊಂಟ, ಕುತ್ತಿಗೆ ನೋವು ಖಂಡಿತ.

ಖರ್ಚಿನಲ್ಲಿ ರೋಡ್ ಬೈಕ್ ಹಗುರ. ಬೇಕಾದರೆ ಆ ಬೈಕಿಗೇ ಏರೋಬಾರ್ ಸಿಕ್ಕಿಸಿಕೊಳ್ಳಬಹುದು.

ಮಡಿಕೇರಿ ಸುತ್ತಲೇ ತುಳಿಯುತ್ತೀರಾದರೆ ಹಾಗೆ ಮಾಡಿ. ವಾರಕ್ಕೊಮ್ಮೆ ಕುಶಾಲನಗರ ದಾಟಿ ಹುಣಸೂರು ಕಡೆಯ ಹೆಚ್ಚು ಸಮತಟ್ಟಾದ ರಸ್ತೆಗೆ ಹೋಗಲು ಆಗುತ್ತದೆ, ಮುಂದೆ 180 ಕಿ.ಮೀ. ಸೈಕಲ್ ತುಳಿಯುವ ಫುಲ್ ಐರನ್‌ಮ್ಯಾನ್ ರೇಸಿನ ಆಸೆಯೂ ಇದೆ ಅಂದರೆ, ಟ್ರಯಾಥ್ಲಾನ್ ಬೈಕಿಗೆ ಈಗಲೇ ದುಡ್ಡು ಕೂಡಿಸಲು ಶುರು ಮಾಡಿ.